ಊರಿಗೆ ಹೋಗಲಾಗದ ವಿದ್ಯಾರ್ಥಿಗಳು

1989ರ ಜೂನ್ 4ರಂದು ಬೀಜಿಂಗ್‌ನ ತಿಯನಾನ್‌ಮೆನ್ ಚೌಕದ ಸುತ್ತಮುತ್ತ ಸೇನೆ ಗುಂಡು ಹಾರಿಸಿದಾಗ ಅಮೆರಿಕದಲ್ಲಿ ಸುಮಾರು 40,000 ಚೀನೀ ವಿದ್ಯಾರ್ಥಿಗಳು, ಸಂಶೋಧಕರು ಇದ್ದರು. ಅಲ್ಲಿನ ನಗರಗಳಲ್ಲಿ ಅನೇಕರು ಬಹಿರಂಗವಾಗಿ ಪ್ರತಿಭಟಿಸಿದರು. ಹಾಗೆ ಮಾಡಿದ ಮೇಲೆ ಊರಿಗೆ ಹೋಗುವುದು ಹೇಗೆ? ಅಲ್ಲೇ ಇರೋಣವೆಂದರೆ ಎಷ್ಟು ದಿನ?

ವೀಸಾ ಬೇರೆ, ಸ್ಥಾನಮಾನ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ವೀಸಾ ಎಂದರೆ ಗಡಿಯಲ್ಲಿ ಪ್ರವೇಶ ಕೇಳಲು ಬೇಕಾದ ಪತ್ರ. ಒಳಗೆ ಹೋದ ಮೇಲೆ ನ್ಯಾಯಬದ್ಧವಾಗಿ ಇರಲು ಆಧಾರ ಸ್ಥಾನಮಾನ. ತರಗತಿ ಬಿಟ್ಟರೆ, ಅನುಮತಿಯಿಲ್ಲದೆ ದುಡಿದರೆ ಅದು ಕೈತಪ್ಪುತ್ತದೆ. ವಿನಿಮಯ ಯೋಜನೆಯಡಿ ‘ಜೆ’ ವೀಸಾದಲ್ಲಿ ಬಂದ ಅನೇಕರಿಗೆ ಇನ್ನೊಂದು ಕಟ್ಟು: ಅಲ್ಲಿ ಕಾಯಂ ನೆಲೆಸುವ ಹಕ್ಕು ಕೇಳುವ ಮುನ್ನ ಎರಡು ವರ್ಷ ಸ್ವದೇಶದಲ್ಲಿ ಕಳೆದಿರಬೇಕು. ಚೀನೀ ವಿದ್ಯಾರ್ಥಿಗಳ ಕೊರಳಿಗೆ ಸುತ್ತಿಕೊಂಡದ್ದು ಈ ನಿಯಮ.

ಇದಕ್ಕೆ ಹತ್ತು ವರ್ಷ ಹಿಂದೆ ಇರಾನಿನ ವಿದ್ಯಾರ್ಥಿಗಳಿಗೆ ಇದರ ತದ್ವಿರುದ್ಧ ಅನುಭವವಾಗಿತ್ತು. 1979ರ ನವೆಂಬರ್‌ನಲ್ಲಿ ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯ ಸಿಬ್ಬಂದಿ ಒತ್ತೆಯಾಳುಗಳಾದಾಗ, ಅಧ್ಯಕ್ಷ ಕಾರ್ಟರ್ ಸರ್ಕಾರ ಸುಮಾರು 50,000 ಇರಾನಿ ವಿದ್ಯಾರ್ಥಿಗಳು ವಲಸೆ ಕಚೇರಿಗೆ ಬಂದು ಕಾಗದಪತ್ರ ತೋರಿಸಬೇಕೆಂದು ವಿಧಿಸಿತು. ತೆಹರಾನಿನಲ್ಲಿ ನಡೆದದ್ದಕ್ಕೆ ಅಮೆರಿಕದಲ್ಲಿ ಓದುತ್ತಿದ್ದವರು ಉತ್ತರ ಹೇಳಬೇಕಾಯಿತು. ಡಿಸೆಂಬರ್‌ನಲ್ಲಿ ಜಿಲ್ಲಾ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಅದೇ ತಿಂಗಳು ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಚೀನೀ ವಿದ್ಯಾರ್ಥಿಗಳು ಸುಮ್ಮನೆ ಕೂರಲಿಲ್ಲ. ಸಂಘ ಕಟ್ಟಿಕೊಂಡು ಅಮೆರಿಕದ ಸಂಸದರ ಕಚೇರಿಗಳ ಬಾಗಿಲು ತಟ್ಟಿದರು. ನ್ಯಾನ್ಸಿ ಪೆಲೋಸಿ ಮಂಡಿಸಿದ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ 403 ಮತ ಬಿದ್ದವು, ವಿರೋಧ ಸೊನ್ನೆ. ಆದರೂ 1989ರ ನವೆಂಬರ್ 30ರಂದು ಅಧ್ಯಕ್ಷ ಜಾರ್ಜ್ ಬುಷ್ ಅದಕ್ಕೆ ಅಂಕಿತ ನಿರಾಕರಿಸಿದರು. ರಕ್ಷಣೆಯನ್ನು ತಾವೇ ಆಡಳಿತಾತ್ಮಕವಾಗಿ ಕೊಡುವುದಾಗಿಯೂ, ಕಾಯಿದೆ ಮಾಡಿದರೆ ಚೀನಾ ವಿದ್ಯಾರ್ಥಿ ವಿನಿಮಯವನ್ನೇ ನಿಲ್ಲಿಸಬಹುದೆಂದೂ ಅವರ ವಾದ. 1970ರ ದಶಕದಲ್ಲಿ ಬೀಜಿಂಗ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು ಅವರು. ಚೀನಾದ ನಂಟು ಕಡಿದುಕೊಳ್ಳಲು ಮನಸ್ಸಿರಲಿಲ್ಲ. 1990ರ ಜನವರಿಯಲ್ಲಿ ಪ್ರತಿನಿಧಿ ಸಭೆ 390-25ರಿಂದ ಈ ನಿರಾಕರಣೆಯನ್ನು ತಳ್ಳಿಹಾಕಿತು. ಸೆನೆಟ್‌ನಲ್ಲಿ ಸಿಕ್ಕಿದ್ದು 62-37. ಮೂರನೇ ಎರಡರಷ್ಟು ಬಹುಮತಕ್ಕೆ ನಾಲ್ಕೇ ಮತ ಕಡಿಮೆ!

ಬುಷ್ ಮಾತು ಉಳಿಸಿಕೊಂಡರು. ಏಪ್ರಿಲ್ 11ರಂದು 12711ನೇ ಆದೇಶ ಹೊರಟಿತು. ಆದರೆ ಒಬ್ಬ ಅಧ್ಯಕ್ಷರ ಆದೇಶವನ್ನು ಇನ್ನೊಬ್ಬರು, ಅಥವಾ ಅವರೇ, ಹಿಂದೆಗೆದುಕೊಳ್ಳಬಹುದು. ವಿದ್ಯಾರ್ಥಿಗಳ ಆತಂಕ ನ್ಯಾಯವಾದದ್ದೇ. ಅಂತೂ 1992ರ ಅಕ್ಟೋಬರ್‌ನಲ್ಲಿ ಚೀನೀ ವಿದ್ಯಾರ್ಥಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂತು. ಅಂಕಿತ ಹಾಕಿದವರು ಅದೇ ಬುಷ್. ಆದೇಶ ಹೊರಟ ದಿನದೊಳಗೆ ಅಮೆರಿಕದಲ್ಲಿದ್ದ ಚೀನೀಯರಲ್ಲಿ 50,000ಕ್ಕೂ ಹೆಚ್ಚು ಮಂದಿಗೆ ಗ್ರೀನ್ ಕಾರ್ಡ್ ದೊರೆಯಿತು. ಇದಕ್ಕೆ ಬೆಲೆ ತೆತ್ತವರೂ ಚೀನೀಯರೇ: ಮುಂದಿನ ವರ್ಷಗಳಲ್ಲಿ ಆ ದೇಶದ ಪಾಲಿನಿಂದ ವರ್ಷಕ್ಕೆ 1,000 ವೀಸಾಗಳನ್ನು ಕಡಿತ ಮಾಡಲಾಯಿತು.

ಕಾಯಿದೆಯ ಆಸರೆ ಇಲ್ಲದ ಕಡೆ ಏನಾಗುತ್ತದೆಂಬುದು 2025ರ ವಸಂತದಲ್ಲಿ ಕಾಣಿಸಿತು. ಭಾರತೀಯರೂ ಸೇರಿ ಸಾವಿರಾರು ವಿದ್ಯಾರ್ಥಿಗಳ ಹೆಸರು ಸರ್ಕಾರಿ ಗಣಕದ ದಾಖಲೆಯಲ್ಲಿ ರದ್ದಾಯಿತು. ಕೆಲವರ ಮೇಲಿದ್ದುದು ಸಂಚಾರ ನಿಯಮ ಉಲ್ಲಂಘನೆಯಂಥ ಸಣ್ಣ ದೂರು. ನೋಟೀಸು ಕೊಟ್ಟಿಲ್ಲ, ವಿಚಾರಣೆ ನಡೆಸಿಲ್ಲ ಎಂದು ಅನೇಕರು ನ್ಯಾಯಾಲಯಗಳ ಮೊರೆಹೊಕ್ಕರು, ತಡೆಯಾಜ್ಞೆಗಳು ಬಂದವು. ದಾಖಲೆಗಳನ್ನು ಮರಳಿ ಸೇರಿಸುವುದಾಗಿ ಏಪ್ರಿಲ್ 25ರಂದು ಸರ್ಕಾರ ನ್ಯಾಯಾಲಯಕ್ಕೆ ತಿಳಿಸಿತು. ರದ್ದು ಮಾಡಲು ಹೊಸ ನಿಯಮ ಸಿದ್ಧವಾಗುತ್ತಿದೆ ಎಂಬುದನ್ನೂ ಜೊತೆಗೇ ಹೇಳಿತು.