ಮೊದಲು ಪಡಿಯಚ್ಚು, ಆಮೇಲೆ ಓದು

ದೇವನಹಳ್ಳಿ, ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಊರ ಮುಂದೆಯೋ ಕೆರೆ ಏರಿಯ ಮೇಲೋ ಸವೆದ ಶಾಸನದ ಕಲ್ಲು ಕಾಣುವುದು ಹೊಸದಲ್ಲ. ಅದನ್ನು ಓದಲು ಬರುವ ಶಾಸನತಜ್ಞರು ಮಾಸಿದ ಅಕ್ಷರವನ್ನು ಕೆತ್ತಿ ತಿದ್ದುವುದಿಲ್ಲ. ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಸವರಿ ಪಡಿಯಚ್ಚು ತೆಗೆಯುತ್ತಾರೆ. ಮುಂದಿನ ಓದೆಲ್ಲ ಆ ಕಾಗದದ ಮೇಲೆಯೇ.

ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ 9ನೇ ಸಂಪುಟ ಪ್ರಕಟವಾದದ್ದು 1905ರಲ್ಲಿ. ಆಗಿನ ಬೆಂಗಳೂರು ಜಿಲ್ಲೆಗೆ ಮೀಸಲಾದ ಈ ಸಂಪುಟದಲ್ಲಿ ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳೂ ಸೇರಿವೆ. ಅಂದು ದಾಖಲಾದ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ; ಅವುಗಳ ಪಠ್ಯ ಮಾತ್ರ ಪುಸ್ತಕದಲ್ಲಿ ಉಳಿದಿದೆ.

ಕಲ್ಲಿಗೆ ಸಲ್ಲುವ ಈ ನಿಯಮ ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೂ ಸಲ್ಲುತ್ತದೆ. ಐ.ಬಿ.ಎಂ. ಕಂಪನಿ 1956ರಲ್ಲಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದವು. ಅದು ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ. ಇಂದು ಅಂಗೈಯಲ್ಲಿ ಹಿಡಿಯುವ ಒಂದು ಟೆರಾಬೈಟ್ ಡಿಸ್ಕು ಅದರ ಸುಮಾರು ಎರಡು ಲಕ್ಷ ಪಟ್ಟು ಹಿಡಿಯುತ್ತದೆ. ಮದುವೆಯ ಫೋಟೊ, ಹಾಲಿನ ಡೇರಿಯ ಲೆಕ್ಕ, ಜಮೀನು ಪತ್ರಗಳ ಪ್ರತಿ ಎಲ್ಲವೂ ಅದರೊಳಗೇ. ಅದು ಒಂದು ದಿನ ತೆರೆಯದೇ ಹೋದರೆ?

ಮೊದಲು ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಹಾಕಿ ನೋಡಬೇಕು. ಎಷ್ಟೋ ಸಲ ಕೆಟ್ಟಿರುವುದು ತಂತಿ ಅಥವಾ ಪೆಟ್ಟಿಗೆಯೊಳಗಿನ ಚಿಕ್ಕ ಸರ್ಕ್ಯೂಟ್, ಡಿಸ್ಕಲ್ಲ. ಡಿಸ್ಕು ಕಟಕಟ ಸದ್ದು ಮಾಡಿದರೆ ಕೂಡಲೇ ಕಳಚಿಡಬೇಕು. ಓದುವ ಮುಳ್ಳು ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ಅದು ತಗುಲಿದರೆ ತಟ್ಟೆಯೇ ಗೀರಿಹೋಗುತ್ತದೆ. ಮನೆಯಲ್ಲಿ ಬಿಚ್ಚುವುದಂತೂ ಕೂಡದು.

ಸದ್ದಿಲ್ಲದೆ ತಿರುಗುತ್ತಿದ್ದೂ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕಂಪ್ಯೂಟರ್ ಕೇಳಿದರೆ ಬೇಡವೆನ್ನಬೇಕು. ಪಹಣಿ ಕಡತ ಹಾಳಾದರೆ ಹೊಲ ಮಾಯವಾಗದು. ಯಾವುದು ಯಾರದೆಂಬ ಗುರುತು ಮಾತ್ರ ತಪ್ಪುತ್ತದೆ. ಡಿಸ್ಕಿನಲ್ಲೂ ಕೆಡುವುದು ಹೆಚ್ಚಾಗಿ ಈ ಪಹಣಿಯೇ. ಪೂರ್ಣ ಫಾರ್ಮ್ಯಾಟ್ ಮಾಡಿದರೆ ಹೊಲವನ್ನೇ ಉತ್ತಂತಾಗುತ್ತದೆ.

ಇಲ್ಲಿಯೂ ಮೊದಲ ಕೆಲಸ ಪಡಿಯಚ್ಚು. ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಚೆನ್ನಾಗಿರುವ ಭಾಗಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಕೆಟ್ಟ ಭಾಗಗಳನ್ನು ಗುರುತಿಟ್ಟು ಕೊನೆಗೆ ಪ್ರಯತ್ನಿಸುತ್ತದೆ. ಹುಡುಕಾಟವೆಲ್ಲ ನಕಲಿನಲ್ಲಿ. ‘ಫೋಟೊರೆಕ್’ ಎಂಬ ಇನ್ನೊಂದು ತಂತ್ರಾಂಶ ಪಹಣಿಯ ಹಂಗಿಲ್ಲದೆ ಹುಡುಕುತ್ತದೆ. ಶಾಸನಗಳು ‘ಸ್ವಸ್ತಿಶ್ರೀ’ ಎಂದು ಆರಂಭವಾಗುವಂತೆ ಪ್ರತಿ ಬಗೆಯ ಕಡತಕ್ಕೂ ತನ್ನದೇ ಆರಂಭದ ಗುರುತು ಇರುತ್ತದೆ. ಆ ಗುರುತು ಕಂಡಲ್ಲಿ ಅದು ಕಡತವನ್ನು ಎತ್ತಿಕೊಡುತ್ತದೆ. ಹೆಸರುಗಳು ಸಿಗದಿರಬಹುದು, ಚಿತ್ರಗಳು ಸಿಗುತ್ತವೆ.

ಅವಸರಪಡದಿದ್ದರೆ ಏನೆಲ್ಲ ಉಳಿಯಬಹುದೆಂಬುದಕ್ಕೆ ಕೊಲಂಬಿಯಾ ಗಗನನೌಕೆಯೇ ಸಾಕ್ಷಿ. ಕಲ್ಪನಾ ಚಾವ್ಲಾ ಸೇರಿದಂತೆ 7 ಮಂದಿಯನ್ನು ಬಲಿತೆಗೆದುಕೊಂಡು 2003ರ ಫೆಬ್ರುವರಿ 1ರಂದು ನೌಕೆ ಛಿದ್ರವಾಯಿತು. ತಿಂಗಳುಗಳ ಬಳಿಕ ಟೆಕ್ಸಾಸಿನ ಒಣ ಕೆರೆಯಂಗಳದಲ್ಲಿ ಸುಟ್ಟ ಡಿಸ್ಕೊಂದು ಸಿಕ್ಕಿತು. ತಜ್ಞರು ತಟ್ಟೆಗಳನ್ನು ಶುಚಿಗೊಳಿಸಿ ಹೊಸ ಯಂತ್ರಕ್ಕೆ ಜೋಡಿಸಿ, ಶೇಕಡ 99ರಷ್ಟು ಮಾಹಿತಿಯನ್ನು ಮರಳಿ ಪಡೆದರು. ಅದರಲ್ಲಿದ್ದ ವೈಜ್ಞಾನಿಕ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು.

ಎಲ್ಲ ಡಿಸ್ಕಿಗೂ ಈ ಭಾಗ್ಯವಿಲ್ಲ. ಚಿಪ್ಪಿನ ಎಸ್.ಎಸ್.ಡಿ. ಡಿಸ್ಕುಗಳಲ್ಲಿ ಅಳಿಸಿದ್ದು ಮರಳುವುದು ಅಪರೂಪ; ಗೂಢಲಿಪಿಯಲ್ಲಿಟ್ಟ ಮಾಹಿತಿಯ ಪಾಸ್‌ವರ್ಡ್ ಮರೆತರೆ ದಾರಿಯೇ ಇಲ್ಲ. ಆದ್ದರಿಂದ ಪಡಿಯಚ್ಚನ್ನು ಕೆಡುವ ಮುನ್ನವೇ ತೆಗೆಯುವುದು ಜಾಣತನ.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದು ಇದಕ್ಕೇ. ಪರದೆಯ ಮೇಲೆ ಬೆಳಕನ್ನು ಓರೆಯಾಗಿ ತಿರುಗಿಸಿದರೆ ಬರಿಗಣ್ಣಿಗೆ ಕಾಣದ ಗೆರೆಗಳೂ ಏಳುತ್ತವೆ. ನಾಳೆ ಯಾವುದೋ ಬಡಾವಣೆಯ ಬುಲ್ಡೋಜರ್ ಕಲ್ಲನ್ನು ಒಡೆದರೂ ಓದು ಉಳಿಯುತ್ತದೆ. ಆದರೆ ಆ ಸ್ಕ್ಯಾನುಗಳು ಇರುವುದೂ ಡಿಸ್ಕಿನಲ್ಲೇ. ಅವುಗಳಿಗೂ ಎರಡನೆಯ ಪ್ರತಿ ಬೇಕು.