ಎರಡು ಪಟ್ಟಿ, ಒಬ್ಬ ಮಂಜುನಾಥ

ದೇಹೂ ರೋಡ್ ಕಡೆ ಮನೆ ಮಾಡಿಕೊಂಡಿರೋ ನಮ್ಮ ಕನ್ನಡದ ಹುಡುಗರನ್ನ "ನಿನ್ನ ವೋಟು ಎಲ್ಲಿದೆ?" ಅಂತ ಕೇಳಿ ನೋಡಿ. "ಊರಲ್ಲಿದೆ, ಇಲ್ಲೂ ಒಂದು ಮಾಡಿಸಿದೀನಿ" ಅಂತ ಸಲೀಸಾಗಿ ಹೇಳ್ತಾರೆ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಬ್ಬರ ಹೆಸರು ಎರಡು ಕ್ಷೇತ್ರದಲ್ಲಿ ಇರುವಂತಿಲ್ಲ. ಆದರೆ ಆ ಎರಡು ಹೆಸರು ಒಬ್ಬನದೇ ಅಂತ ಕಂಡುಹಿಡಿಯೋದು ಹೇಗೆ? ಇವತ್ತಿನ ಮಾತು ಅದು.

ನಮಗೆ ತಕ್ಷಣ ಹೊಳೆಯೋದು ಜಾಯಿನ್. ಊರಿನ ಪಟ್ಟಿಯಲ್ಲಿ 3 ಜನ ಮಂಜುನಾಥ ಪಾಟೀಲ, ಮಾವಳದ ಪಟ್ಟಿಯಲ್ಲಿ 4 ಜನ ಇದ್ದಾರೆ ಅಂದುಕೊಳ್ಳಿ. ಹೆಸರಿನ ಮೇಲೆ ಜಾಯಿನ್ ಮಾಡಿದರೆ ಬರೋದು 12 ಸಾಲು. ಅದರಲ್ಲಿ ನಿಜವಾದ ಜೋಡಿ ಒಂದಿರಬಹುದು, ಒಂದೂ ಇಲ್ಲದೆ ಇರಬಹುದು. ಡಿಸ್ಟಿಂಕ್ಟ್ ಹಾಕಿದರೆ ಇನ್ನೂ ಕೆಟ್ಟದು, ಏಳು ಜನ ಸೇರಿ ಒಬ್ಬರಾಗಿಬಿಡ್ತಾರೆ!

ನಮ್ಮಲ್ಲಿ ಈ ತೊಂದರೆ ಮೊದಲ ಚುನಾವಣೆಯಷ್ಟೇ ಹಳೆಯದು. 1951-52ರಲ್ಲಿ ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರು. ಪಟ್ಟಿ ಬರೆಯೋಕೆ ಹೋದರೆ ಅನೇಕ ಹೆಂಗಸರು ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತ ಬರೆಸಿದರು. ಹೆಸರೇ ಇಲ್ಲದ ದಾಖಲೆ ಬೇಡ ಅಂತ ಸೇನ್ ಪಟ್ಟು ಹಿಡಿದರು. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗೆ ಹೋದರು. ಡೇಟಾ ಕ್ಲೀನ್ ಆಯ್ತು, ವೋಟು ಹೋಯ್ತು.

ಹೊರಗಿನ ಕಥೆ ಬೇರೆ ದಾರಿ ಹಿಡಿದಿತ್ತು. 1918ರಲ್ಲೇ ಅಮೆರಿಕದ ರಾಬರ್ಟ್ ರಸೆಲ್ ಹೆಸರುಗಳನ್ನ ಅಕ್ಷರದ ಬದಲು ಉಚ್ಚಾರಣೆ ನೋಡಿ ಗುಂಪು ಮಾಡೋ ವಿಧಾನಕ್ಕೆ ಪೇಟೆಂಟ್ ಪಡೆದರು. ಸೌಂಡೆಕ್ಸ್ ಬಂದಿದ್ದು ಅಲ್ಲಿಂದ. 'ರೆಕಾರ್ಡ್ ಲಿಂಕೇಜ್' ಅನ್ನೋ ಮಾತನ್ನ 1946ರಲ್ಲಿ ಹಾಲ್ಬರ್ಟ್ ಡನ್ ಬಳಕೆಗೆ ತಂದರು.

ನನಗೆ ಇಷ್ಟ ಆಗೋದು ಕೆನಡಾದ ಹೋವರ್ಡ್ ನ್ಯೂಕೂಂಬ್. ವಿಕಿರಣದಿಂದ ವಂಶವಾಹಿಗಳಿಗೆ ಏನಾಗುತ್ತೆ ಅಂತ ತಿಳಿಯೋಕೆ ಅವರಿಗೆ ಮನುಷ್ಯರ ವಂಶಾವಳಿ ಬೇಕಿತ್ತು. ಅದಕ್ಕೆ ಬ್ರಿಟಿಷ್ ಕೊಲಂಬಿಯಾದ ಜನನ ದಾಖಲೆ, ಮದುವೆ ದಾಖಲೆ ಎರಡನ್ನೂ ಕಂಪ್ಯೂಟರಲ್ಲಿ ಹೊಂದಿಸಿದರು. ಲೇಖನ ಬಂದಿದ್ದು 1959ರಲ್ಲಿ. ಅವರ ಮುಖ್ಯ ಮಾತು ಇಷ್ಟೇ: ಅಪರೂಪದ ಹೆಸರು ಹೊಂದಿದರೆ ತೂಕ ಹೆಚ್ಚು, ಎಲ್ಲರ ಹೆಸರು ಹೊಂದಿದರೆ ಕಮ್ಮಿ. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ, ಪುಣೆಯಲ್ಲಿ 'ಪಾಟೀಲ' ಹೊಂದಿದರೆ ಏನೂ ಆಗಲಿಲ್ಲ, 'ಹೊಸಮನಿ' ಹೊಂದಿದರೆ ಕಿವಿ ನೆಟ್ಟಗಾಗಬೇಕು. 1969ರಲ್ಲಿ ಫೆಲ್ಲೆಗಿ ಮತ್ತು ಸಂಟರ್ ಇದಕ್ಕೆ ಪೂರ್ತಿ ಗಣಿತ ಕೊಟ್ಟರು. ಅವರು ಜೋಡಿಗಳನ್ನ ಮೂರು ರಾಶಿ ಮಾಡ್ತಾರೆ: ಹೌದು, ಅಲ್ಲ, ಮನುಷ್ಯರು ನೋಡಿ ಹೇಳಬೇಕು.

ನಂಬರ್ ಇದೆಯಲ್ಲ, ಹೆಸರು ಯಾಕೆ ಬೇಕು ಅಂತ ಕೇಳಬಹುದು. ಶೇಷನ್ ಕಾಲದಲ್ಲಿ, 1993ರಿಂದ ಎಪಿಕ್ ಕಾರ್ಡ್ ಇದೆ ನಿಜ. ಆದರೆ ಎರಡು ಕಡೆ ಹೊಸದಾಗಿ ಅರ್ಜಿ ಹಾಕಿದವನಿಗೆ ಎರಡು ನಂಬರ್. ಅದರ ಮೇಲೆ, ಬೇರೆ ಬೇರೆ ರಾಜ್ಯದ ಕೆಲವರಿಗೆ ಒಂದೇ ನಂಬರ್ ಹೋಗಿದೆ ಅಂತ 2025ರ ಮಾರ್ಚ್‌ನಲ್ಲಿ ಆಯೋಗವೇ ಒಪ್ಪಿಕೊಂಡಿತು. ಪ್ರೈಮರಿ ಕೀ ಎರಡೂ ಕಡೆಯಿಂದ ಕೈಕೊಟ್ಟ ಹಾಗೆ. ಆಧಾರ್ ಜೋಡಿಸೋಣ ಅಂತ 2015ರ ಮಾರ್ಚ್‌ನಲ್ಲಿ ಶುರುವಾದ ಕಾರ್ಯಕ್ರಮ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದಮೇಲೆ ನಿಂತಿತು.

ಹಾಗಾಗಿ ಮತ್ತೆ ಹೆಸರಿಗೇ ಬರಬೇಕು. ಊರಲ್ಲಿ ಕನ್ನಡದಲ್ಲಿ 'ಮಂಜುನಾಥ ಎಸ್. ಹೊಸಮನಿ', ಇಲ್ಲಿ ಮರಾಠಿಯಲ್ಲಿ 'ಹೊಸಮನಿ ಮಂಜುನಾಥ ಶಿವಪ್ಪ'. ಯಾವ ಪ್ರೋಗ್ರಾಮ್ ಬರೆದರೂ ಇಂಥವನು ಬೀಳೋದು ಮೂರನೇ ರಾಶಿಗೆ. ಅದನ್ನ ಬಗೆಹರಿಸೋಕೆ ಬರೋರು ಬಿಎಲ್‌ಓ, ಎಷ್ಟೋ ಕಡೆ ಶಾಲೆಯ ಟೀಚರ್ ಇಲ್ಲಾ ಅಂಗನವಾಡಿ ಕಾರ್ಯಕರ್ತೆ. ಅವರು ಬೆಳಗ್ಗೆ ಹನ್ನೊಂದಕ್ಕೆ ಬೆಲ್ ಒತ್ತುವಾಗ ನಾವು ಹಿಂಜವಡಿಯಲ್ಲಿರ್ತೀವಿ. ಬಾಗಿಲಿಗೆ ಬೀಗ. ಆಮೇಲೆ ಯಾವ ಊರಿನ ಹೆಸರು ಹೋಗುತ್ತೋ, ಇಲ್ಲಾ ಎರಡೂ ಹೋಗುತ್ತೋ, ಅದು ನಮ್ಮ ಕೈಲಿಲ್ಲ. ಮನೆ ಬದಲಿಸಿದವರು ಫಾರ್ಮ್ 6 ಅಲ್ಲ, ಫಾರ್ಮ್ 8 ತುಂಬಬೇಕು. 6 ಇರೋದು ಹೊಸ ಮತದಾರರಿಗೆ.