ನರಸಮ್ಮ, ಸೂಲಗಿತ್ತಿ

ನರಸಮ್ಮ, ಸೂಲಗಿತ್ತಿ (1920–2018): ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು; ವೈದ್ಯರಾಗಲಿ ಆಸ್ಪತ್ರೆಯಾಗಲಿ ಸುಲಭವಾಗಿ ಒದಗದಿದ್ದ ಸೀಮೆಯಲ್ಲಿ ಸುಮಾರು ಏಳು ದಶಕಗಳ ಕಾಲ, ಪ್ರತಿಫಲವನ್ನು ಅಪೇಕ್ಷಿಸದೆ, 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧರಾದ ಮಹಿಳೆ. ಅಲೆಮಾರಿ ಬುಡಕಟ್ಟಿನ ಕುಟುಂಬದಲ್ಲಿ ಜನಿಸಿ, ಅಕ್ಷರಾಭ್ಯಾಸವಿಲ್ಲದೆ ಬೆಳೆದು, ಮನೆಯ ಹಿರಿಯಳಿಂದ ಪಡೆದ ವಿದ್ಯೆಯನ್ನು ಇಡೀ ಸೀಮೆಯ ಸ್ವತ್ತನ್ನಾಗಿ ಮಾಡಿದ ಇವರು, ದೀರ್ಘಕಾಲದ ಶ್ವಾಸಕೋಶದ ವ್ಯಾಧಿಯಿಂದ ಬಳಲಿ, 2018ರ ಡಿಸೆಂಬರ್ 25ರಂದು ಬೆಂಗಳೂರಿನ ಪಶ್ಚಿಮದಂಚಿನ ಕೆಂಗೇರಿಯ ಬಿಜಿಎಸ್ ಆಸ್ಪತ್ರೆಯಲ್ಲಿ ತಮ್ಮ 98ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.

ಇವರ ಜೀವನವನ್ನು ಅರಿಯಬೇಕಾದರೆ ಪಾವಗಡದ ನೆಲವನ್ನು ಮೊದಲು ಅರಿಯಬೇಕು. ಹಿಂದೆ ಮೈಸೂರು ಸಂಸ್ಥಾನಕ್ಕೂ ಈಗ ಕರ್ನಾಟಕಕ್ಕೂ ಸೇರಿದ್ದರೂ ಬಹುಪಾಲು ದಿಕ್ಕುಗಳಲ್ಲಿ ಆಂಧ್ರದ ಸೀಮೆಯಿಂದ ಸುತ್ತುವರಿದಿರುವ ಈ ತಾಲ್ಲೂಕಿನಲ್ಲಿ ಮಳೆ ವಿರಳ, ಬರಗಾಲ ಚಿರಪರಿಚಿತ. ಕೊಳವೆಬಾವಿಯ ನೀರಿನಲ್ಲಿಯೂ ಫ್ಲೋರೈಡಿನ ಬಾಧೆ. ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕೇಳಿಬರುತ್ತವೆ. ನರಸಮ್ಮನವರ ಮನೆಮಾತು ತೆಲುಗು. 1935ರಲ್ಲಿ ಬೆಂಗಳೂರಿನ ಕೋಟೆಯ ಬಳಿ ವಾಣಿವಿಲಾಸ ಆಸ್ಪತ್ರೆಯು ಹೆಂಗಸರಿಗೂ ಮಕ್ಕಳಿಗೂ ಬಾಗಿಲು ತೆರೆದಾಗ ಕೃಷ್ಣಾಪುರದ ಗರ್ಭಿಣಿಗೆ ಅದು ಇದ್ದೂ ಇಲ್ಲದಂತೆಯೇ ಆಗಿತ್ತು. ನಡುರಾತ್ರಿಯಲ್ಲಿ ಬೇನೆ ತೋರಿದರೆ ಆಕೆಗೆ ದಿಕ್ಕು ಊರಿನ ಸೂಲಗಿತ್ತಿಯೊಬ್ಬಳೇ.

ಹನ್ನೆರಡನೆಯ ವಯಸ್ಸಿನಲ್ಲಿ ಆಂಜಿನಪ್ಪನವರೊಡನೆ ವಿವಾಹವಾದ ನರಸಮ್ಮನವರು ಹನ್ನೆರಡು ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಇವರ ಅಜ್ಜಿ ಮರಿಗೆಮ್ಮನವರು ಆ ಭಾಗದ ಹೆಸರಾಂತ ಸೂಲಗಿತ್ತಿಯಾಗಿದ್ದು, ಮೊಮ್ಮಗಳ ಐದು ಹೆರಿಗೆಗಳನ್ನು ತಾವೇ ಮಾಡಿಸಿದರು. ಆದುದರಿಂದ ನರಸಮ್ಮನವರು ಈ ವಿದ್ಯೆಯನ್ನು ಕಲಿತದ್ದು ನೋಡುವವರ ಕಡೆಯಿಂದ ಮಾತ್ರವಲ್ಲ, ನೋವುಂಡವರ ಕಡೆಯಿಂದಲೂ ಹೌದು. ಹೆತ್ತ ಮಗುವನ್ನು ಕಳೆದುಕೊಂಡ ದುಃಖವೇನೆಂಬುದನ್ನು ಸ್ವತಃ ಬಲ್ಲವರು ಇನ್ನೊಬ್ಬಳ ಮಗುವನ್ನು ಕೈಗೆತ್ತಿಕೊಳ್ಳುವಾಗ ಆ ಕೈಗೆ ಒದಗುವ ಎಚ್ಚರವೂ ಮಮತೆಯೂ ಯಾವ ಗ್ರಂಥದಿಂದಲೂ ಲಭಿಸತಕ್ಕವಲ್ಲವೆಂದೇ ಹೇಳಬೇಕು. 1940ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, ಮನೆಯ ಬಂಧುವೊಬ್ಬರ ಹೆರಿಗೆಗೆ ನೆರವಾಗುವ ಮೂಲಕ ಅವರ ಸೇವೆ ಆರಂಭವಾಯಿತು. ಮನೆಯೊಳಗೆ ತೊಡಗಿದ ಆ ಕಾರ್ಯ ಕ್ರಮೇಣ ಬೀದಿಗೆ, ಊರಿಗೆ, ನೆರೆಯ ಹಳ್ಳಿಗಳಿಗೆ ಹಬ್ಬಿತು.

ತಮ್ಮ ಊರಿನ ಮಾರ್ಗವಾಗಿ ಸಾಗುತ್ತಿದ್ದ ಅಲೆಮಾರಿ ಜನರಿಂದ ಬೇರು ನಾರುಗಳ ಔಷಧಿಯನ್ನು ತಯಾರಿಸುವ ಕ್ರಮವನ್ನೂ ಇವರು ಕಲಿತರು. ಯಾವ ಉಪಕರಣದ ನೆರವೂ ಇಲ್ಲದೆ, ಬಸುರಿಯ ಹೊಟ್ಟೆಯ ಮೇಲೆ ಕೈಯಾಡಿಸಿ ಶಿಶುವಿನ ನಾಡಿಯನ್ನೂ ತಲೆ ಯಾವ ಕಡೆಗಿದೆಯೆಂಬುದನ್ನೂ ತಿಳಿಯುತ್ತಿದ್ದರೆಂಬುದೂ, ನೀರೊಡೆಯುವ ಹೊತ್ತನ್ನು ಮುಂದಾಗಿಯೇ ಹೇಳುತ್ತಿದ್ದರೆಂಬುದೂ ಇವರ ಕೌಶಲದ ಬಗ್ಗೆ ಪ್ರಸಿದ್ಧವಾಗಿರುವ ಸಂಗತಿಗಳು. ಸೂಲಗಿತ್ತಿಯ ಕೆಲಸ ಹೊಕ್ಕುಳಬಳ್ಳಿಯನ್ನು ಕೊಯ್ದ ಕ್ಷಣಕ್ಕೆ ಮುಗಿಯುವಂಥದಲ್ಲ. ಕಸ ಬೀಳುವವರೆಗೆ ಕಾದಿದ್ದು, ಕೂಸಿಗೆ ಎಣ್ಣೆ ನೀರು ಮಾಡಿಸಿ, ಬಾಣಂತಿಗೆ ಬಿಸಿನೀರೆರೆದು, ಪಥ್ಯವನ್ನು ಹೇಳಿಕೊಟ್ಟು, ಹೆದರಿದ ಚೊಚ್ಚಲ ತಾಯಿಗೆ ಧೈರ್ಯ ತುಂಬುವುದೂ ಹಳ್ಳಿಗಾಡಿನಲ್ಲಿ ಅವಳ ಪಾಲಿನ ಧರ್ಮವೇ ಆಗಿದ್ದಿತು. ತಮ್ಮ ವಿದ್ಯೆಯನ್ನು ಗುಟ್ಟಾಗಿರಿಸಿಕೊಳ್ಳದೆ ಕಿರಿಯ ಹೆಣ್ಣುಮಕ್ಕಳಿಗೆ ಕಲಿಸಿದುದು ಇವರ ಮತ್ತೊಂದು ಹಿರಿಮೆ.

ಕಾಲವು ಈ ವೃತ್ತಿಯ ನೆಲೆಯನ್ನೇ ಬದಲಿಸಿತು. 1978ರ ಆಲ್ಮಾ-ಆಟಾ ಘೋಷಣೆಯು ಪ್ರಾಥಮಿಕ ಆರೋಗ್ಯ ಸೇವೆಯಲ್ಲಿ, ಅಗತ್ಯಕ್ಕನುಸಾರವಾಗಿ, ಪಾರಂಪರಿಕ ಚಿಕಿತ್ಸಕರಿಗೂ ಸ್ಥಾನವಿತ್ತಿತು. ಅನಂತರದ ದಶಕಗಳಲ್ಲಿ ಒತ್ತು ಶಿಕ್ಷಣ ಪಡೆದ ದಾದಿಯರ ಮತ್ತು ಆಸ್ಪತ್ರೆಯ ಹೆರಿಗೆಗಳ ಕಡೆಗೆ ತಿರುಗಿತು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ, 2008ರಲ್ಲಿ ಕರ್ನಾಟಕದ 108 ಆಂಬುಲೆನ್ಸ್ ಸೇವೆಯೂ ಬಂದವು. ಇದು ಸರಿಯಾದ ದಾರಿಯೇ; ರಕ್ತಸ್ರಾವ, ನಂಜುಗಳಿಂದ ತಾಯಂದಿರು ಸಾಯುತ್ತಿದ್ದ ಆ ಹಿಂದಿನ ಕಾಲವನ್ನು ಯಾರೂ ಹಂಬಲಿಸಲಾಗದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2018ರ ತನ್ನ ಮಾರ್ಗದರ್ಶಿಯಲ್ಲಿ ಹೆರುವ ಹೆಣ್ಣಿಗೆ ಗೌರವದ ಉಪಚಾರವೂ ಆಕೆಯೇ ಬಯಸಿದ ಸಂಗಾತಿಯೊಬ್ಬರ ಸಾಮೀಪ್ಯವೂ ಅವಶ್ಯವೆಂದು ಶಿಫಾರಸು ಮಾಡಿದಾಗ, ನರಸಮ್ಮನಂಥವರು ಗುಡಿಸಲುಗಳಲ್ಲಿ ನಿತ್ಯವೂ ನಡೆಸಿಕೊಂಡು ಬಂದಿದ್ದ ಆಚಾರದ ಒಂದಂಶಕ್ಕೆ ಶಾಸ್ತ್ರದ ಮನ್ನಣೆ ದೊರೆತಂತಾಯಿತು.

ಮನ್ನಣೆಗಳು ಬಂದುದು ಇಳಿವಯಸ್ಸಿನಲ್ಲಿ. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಗೌರವ ಡಾಕ್ಟರೇಟನ್ನಿತ್ತಿತು. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೇರಳದ ಕಾಡಿನ ವೈದ್ಯೆ ಲಕ್ಷ್ಮಿಕುಟ್ಟಿಯವರೂ, ದೇವದಾಸಿಯರ ಪುನರ್ವಸತಿಗೆ ದುಡಿದ ಬೆಳಗಾವಿ ಜಿಲ್ಲೆಯ ಸೀತವ್ವ ಜೋಡಟ್ಟಿಯವರೂ ಅದೇ ವರ್ಷ ಪುರಸ್ಕೃತರಾದರು.

ಬೆಂಗಳೂರಿನ ಪಶ್ಚಿಮ ಭಾಗಕ್ಕೂ ಇವರಿಗೂ ಇರುವ ಸಂಬಂಧ ಕೆಂಗೇರಿಯ ಆ ಕೊನೆಯ ದಿನಗಳಷ್ಟೇ ಎಂದು ಭಾವಿಸಲಾಗದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆ ಮಾಡಿಕೊಂಡಿರುವ ತುಮಕೂರು ಸೀಮೆಯ ಕುಟುಂಬಗಳು ಕಡಮೆಯಲ್ಲ. ಅಲ್ಲಿನ ವೃದ್ಧರಲ್ಲಿ ಇಂತಹ ಸೂಲಗಿತ್ತಿಯರ ಕೈಯಲ್ಲಿ ಭೂಮಿಗೆ ಬಂದವರು ಇನ್ನೂ ಇದ್ದಾರೆ. ಅವರ ನೆನಪುಗಳು ಅವರೊಡನೆಯೇ ಅಳಿಯುವ ಮುನ್ನ ಮಕ್ಕಳು ಮೊಮ್ಮಕ್ಕಳು ಕೇಳಿ ಬರೆದಿಡಬೇಕು. ಕನ್ನಡನಾಡಿನ ಆರೋಗ್ಯ ಚರಿತ್ರೆಯನ್ನು ಮುಂದೆ ರಚಿಸುವವರು ವಾಣಿವಿಲಾಸ ಆಸ್ಪತ್ರೆಯ ಅಧ್ಯಾಯದ ಪಕ್ಕದಲ್ಲಿ ಕೃಷ್ಣಾಪುರದ ಅಧ್ಯಾಯವನ್ನೂ ಸೇರಿಸತಕ್ಕದ್ದು.